ವಿಮಾನ ಹಾದು ಹೋಗೋತನಕ

ಮಂಗಲಪೇಟ ಮಿಶನ್ ಕಂಪೌಂಡಿನ ಕೆಂಪು ಅಂಗಳದಾಗ
ಬೇವಿನ ಗಿಡಕ್ಕ ಬೋಲ್ಟ್ ಹಾಕಿ ಕೂಡಿಸಿದ ರಿಂಗು
ಇರಬೇಕಾದ ಎತ್ತರಕ್ಕಿಂತ ನಾಲ್ಕು ಬೆರಳು ಮ್ಯಾಲಿತ್ತು.
ಅದು ನನಗ ಗೊತ್ತಾಗಿದ್ದು ಹದಿನೇಳನೇ ವರ್ಷಕ್ಕ,
ಹೈದರಾಬಾದಿನಾಗ, ಮೊದಲ ಸಲ ಮರದ ನೆಲದ ಮ್ಯಾಲೆ ನಿಂತಾಗ:
ಎಸೆದದ್ದೆಲ್ಲ ಉದ್ದ ಹೋಗತಿತ್ತು,
ಹಲಿಗಿಗೆ ಬಡಿದು ವಾಪಸ್ ನನ್ನ ಎದಿಗೇ.

ಸ್ವಾಮಿದಾಸ ಚಿಮಕೋಡ, ಜರ್ಸಿ ಹದಿನಾಲ್ಕು.
ಪೇಪರಿನವರು ಒಮ್ಮೆ ಬರದ್ರು, ಅದೂ ಸ್ವಾಮಿನಾಥ ಅಂತ.
ಅವ್ವ ಅದನ್ನೇ ಕತ್ತರಿಸಿ ರೇಶನ್ ಕಾರ್ಡಿನಾಗ ಇಟ್ಟಾಳ,
ಆ ಹೆಸರಿಗೂ ಐದು ಕಿಲೋ ಅಕ್ಕಿ ಸಿಗೋಹಂಗ.

ಮೂರು ಸೀಜನ್ನು. ಪುಣೆದಾಗ ಎರಡು, ಕೊಚ್ಚಿಯೊಳಗ ಒಂದು.
ಅರವತ್ತೊಂದು ಪಂದ್ಯ, ನೂರಾ ಎಂಬತ್ತೆಂಟು ಅಂಕ.
ಭಾಗಿಸಿ ನೋಡಬ್ಯಾಡ್ರಿ, ನಾ ನೋಡೀನಿ.
ದೀಪ ಆರಿಸಿ, ಹೊಗಿ ಬಿಟ್ಟು, ಸ್ಪೀಕರಿನಾಗ ಹೆಸರು ಕೂಗತಿದ್ರು,
ಆ ಹೊಗಿಯೊಳಗಿಂದ ಓಡಿ ಬರಬೇಕು.
ಬಂದು, ಎಲ್ಲರ ಕೈ ತಟ್ಟಿ, ಬೆಂಚಿನ ಕಡೀ ಕುರ್ಚಿ.
ಕೋಚು ಮಾತಾಡತಿರಲಿಲ್ಲ. ಎರಡು ಬೆರಳು ಮಡಚಿದ ಅಂದ್ರ
ಆಟ ಬಿಟ್ಟು ನಾ ಬಂದು ಕೂಡಬೇಕು.
ಆ ಎರಡು ಬೆರಳು ಈಗೂ ಕನಸಿನಾಗ ಮಡಚ್ತಾವ.

ಆಮ್ಯಾಲೆ ಲೀಗು ಮುಚ್ಚಿತು. ಮೊಣಕಾಲು ಮೊದಲೇ ಮುಚ್ಚಿತ್ತು.
ಕಡೀ ಚೆಕ್ಕು ಬೌನ್ಸಾತು,
ಚೆಂಡಿಗಿಂತ ಛಂದಾಗಿ ಆತು ಅಂತ ಸಣ್ಣ ತಮ್ಮ ನಕ್ಕ.
ಅವ್ವ ನಗಲಿಲ್ಲ.

ಈಗ ಬೀದರಿನ ಬಿ ಡಿವಿಜನ್ ಟೀಮಿಗೆ ಕೋಚು.
ಪಗಾರ ಅಂದ್ರ ಬಸ್ ಚಾರ್ಜು, ಮ್ಯಾಲೆ ಥೋಡೆ.
ಅಫ್ಸರ್ ಮುಂಜಾನಿಂದ ಬಿದರಿ ಹೂಜಿಗೆ ಬೆಳ್ಳಿ ತಂತಿ ಕೂಡಸ್ತಾನ,
ಸಂಜಿಗೆ ಅವನ ಬೆರಳಿಗೆ ಚೆಂಡು ಭಾಳ ದೊಡ್ಡದು.
ತುಳಜಪ್ಪ ಗಾಂಧಿ ಗಂಜಿನಾಗ ತೊಗರಿ ಚೀಲ ಹೊರತಾನ,
ಅಂವ ರಿಂಗಿನ ಕೆಳಗ ನಿಂತ್ರ ಯಾರಿಗೂ ಸರಸಲಿಕ್ಕ ಆಗಂಗಿಲ್ಲ.
ಜೈರಾಜ ಬರೀ ಎತ್ತರ ಇದ್ದಾನ. ಸದ್ಯಕ್ಕ ಅಷ್ಟೇ.

ನಮ್ಮ ಅಂಗಳದ ಮ್ಯಾಲೆ ಏರ್‌ಫೋರ್ಸಿನ ವಿಮಾನ ಹಾರತಾವ.
ಪಾಪ, ಅವರೂ ಕಲಿಯೋ ಹುಡುಗರು,
ಸುತ್ತಿ ಸುತ್ತಿ ಅದೇ ದಾರಿ.
ನಾ ಬಾಯಿ ತೆರದ್ರ ಸಾಕು, ಆಕಾಶ ಅರಿವಿ ಹರದಂಗ ಹರೀತದ.
ಒಂದು ವರ್ಷ ಒದರಿದೆ. ಗಂಟಲ ಹೋತು.
ಆಮ್ಯಾಲೆ ಕೈಲೆ ಹೇಳಲಿಕ್ಕ ಸುರು ಮಾಡಿದೆ:
ಅಂಗೈ ಎದಿಗೆ ಹಚ್ಚಿದ್ರ, ಸಾವಕಾಶ.
ಕಿವಿ ಹಿಡದ್ರ, ಹಿಂದ ನೋಡು, ಕಳ್ಳ ಬಂದಾನ.
ರೊಟ್ಟಿ ಬಡದಂಗ ಮಾಡಿದ್ರ, ಚೆಂಡು ನೆಲಕ್ಕ ಹತ್ತಿ ಇಟಗೋ.
ಮುಷ್ಟಿ ಬಿಚ್ಚಿದ್ರ ಎಸಿ, ಏನಾರ ಆಗಲಿ.

ಹೋದ ತಿಂಗಳ ರಾಯಚೂರಿಗೆ ಹೋದ್ವಿ.
ಅವರ ಊರು, ಅವರ ಮಂದಿ, ಅವರ ಹಲಗಿ.
ಅವರ ಕೋಚು ಒದರಿದ್ದು ಅವರ ಹುಡುಗರಿಗೇ ಕೇಳಲಿಲ್ಲ.
ನಮ್ಮವರು ನನ್ನ ಕೈ ನೋಡಿದ್ರು
ತಣ್ಣಗ, ವಿಮಾನ ಹಾದು ಹೋಗೋತನಕ ಕಾದಂಗ.
ಏಳು ಅಂಕಲೆ ಗೆದ್ವಿ.
ಮುಂದಿನದು ಕಲಬುರಗಿ. ಖಾಲಿ ಗ್ಯಾಲರಿ,
ಇಬ್ಬರು ಸ್ಕೋರ್ ಬರಿಯೋರು, ಒಂದು ನಾಯಿ.
ಅಲ್ಲಿ ಸೋತ್ವಿ. ಅಷ್ಟು ಮೌನ ನಮಗ ರೂಢಿ ಇಲ್ಲ.

ಆ ದಿನ ಜೈರಾಜ ನಾಲ್ಕು ಸಲ ಚೆಂಡು ಕೈ ಬಿಟ್ಟ.
ಹೊರಗ ಕರೀಬೇಕು. ಎಲ್ಲಾ ಸನ್ನಿ ಕಲಿಸೀನಿ,
ಬಂದು ಕೂಡು ಅನ್ನೋದಕ್ಕ ಒಂದೂ ಮಾಡಿಲ್ಲ.
ಎರಡು ಬೆರಳು ತಾವಾಗೇ ಮಡಚಲಿಕ್ಕ ಹೊಂಟಿದ್ವು,
ಕಿಸೆದಾಗ ಹಾಕಿದೆ.
ಸೀಟಿ ಊದಿದ ಮ್ಯಾಲೆ ಗೆರಿತನಕ ನಾನೇ ನಡದೆ,
ಮೊಣಕಾಲು ಕಟಕ್ ಅಂತು,
ಅವನ ಬೆನ್ನ ಮ್ಯಾಲೆ ಕೈ ಇಟ್ಟೆ. ಹೆದರಿದ.
ಇದರ ಅರ್ಥ ಏನ್ ಸರ್? ಇದು ಕಲಿಸಿಲ್ಲಲ್ಲ ನೀವು?
ನನಗೂ ಹೊಳೀಲಿಲ್ಲ. ನೀರು ಕುಡಿ ಅಂದೆ.

ರಾತ್ರಿ ಬಸ್ಸು. ಹುಮನಾಬಾದ ದಾಟಿದ ಮ್ಯಾಲೆ ಎಲ್ಲಾರೂ ನಿದ್ದಿ,
ಜೈರಾಜ ಒಬ್ಬನ ಬಿಟ್ಟು.
ಮಗ್ಗಲಿಗೆ ಬಾಗಿ ಗೊರಕಿ ಹೊಡಿಯೋ ತುಳಜಪ್ಪನ ಬೆನ್ನ ಮ್ಯಾಲೆ
ಅಂಗೈ ಇಟ್ಟು ನೋಡಿದ. ತಗದ. ಮತ್ತ ಇಟ್ಟ.

ನಾಳೆ ಐದಕ್ಕ ಪ್ರಾಕ್ಟಿಸು ಅಂತ
ಯಾರಿಗೂ ಹೇಳಿದ್ದಿಲ್ಲ ನಾನು.